ಕಾರವಾರನ ಜೊತೆ ಕಾರವಾರಕ್ಕೆ

ಧಾರವಾಡದ ನಮ್ಮ ಹಾಸ್ಟೆಲಿನಲ್ಲಿ ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇರುತ್ತಿತ್ತು. ಸೇರಿದ ಮೊದಲ ವಾರದಲ್ಲೇ ಎಲ್ಲರೂ ತಮ್ಮ ತಮ್ಮ ಊರುಗಳಾಗಿ ಬಿಡುತ್ತಿದ್ದರು. ನಾನು ಗದಗ. ನನ್ನ ಕೋಣೆಯಲ್ಲಿ ಅಥಣಿ, ಹಾವೇರಿ ಮತ್ತು ಕಾರವಾರ. ಒಂದೇ ಊರಿನವರು ಇಬ್ಬರಿದ್ದರೆ ಕನ್ನಡಕದ ಗದಗ, ಉದ್ದನೆಯ ಗದಗ ಎಂದು ವಿಂಗಡಣೆ. ‘ಅಥಣಿಗೆ ಜ್ವರ’, ‘ಹಾವೇರಿಯ ಮೈಗೆ ಮೂರು ದಿನದಿಂದ ನೀರು ಬಿದ್ದಿಲ್ಲ’ ಎಂದು ನಾವು ಮಾತಾಡಿಕೊಳ್ಳುವುದನ್ನು ಹೊರಗಿನವರು ಕೇಳಿಸಿಕೊಂಡರೆ ಜಿಲ್ಲಾ ವಾರ್ತೆ ಎಂದುಕೊಳ್ಳಬೇಕು. ಮದುವೆಯಾದ ಹೊಸತರಲ್ಲಿ ನಾನು ಫೋನಿನಲ್ಲಿ ‘ಕಾರವಾರ ಇನ್ನೂ ದುಡ್ಡು ಕೊಟ್ಟಿಲ್ಲ’ ಎಂದದ್ದನ್ನು ಕೇಳಿದ ನನ್ನ ಹೆಂಡತಿ, ಊರಿಗೆ ಊರೇ ನನಗೆ ಬಾಕಿದಾರ ಎಂದು ಬೆರಗಾಗಿದ್ದಳು.

ನಾವು ಹಾಸ್ಟೆಲಿಗೆ ಸೇರಿದ್ದು 1997ರಲ್ಲಿ. ಅಂದರೆ ಇಪ್ಪತ್ತೇಳು ವರ್ಷಗಳ ಸ್ನೇಹ. ಅಥಣಿಯ ತಂಗಿಯ ಮದುವೆಗೆ ಹೋಗಿ ನಾವು ಬಡಿಸಿದ್ದೇವೆ, ಹಾವೇರಿಯ ತಂದೆ ತೀರಿಕೊಂಡಾಗ ಹೆಗಲು ಕೊಟ್ಟಿದ್ದೇವೆ, ನಮ್ಮ ಮನೆಯ ಕಟ್ಟೆಯ ಮೇಲೆ ಮೂವರೂ ಬೇಸಿಗೆ ರಾತ್ರಿಗಳಲ್ಲಿ ಮಲಗಿದ್ದಾರೆ. ಕಾರವಾರನ ಮನೆಯನ್ನು ಮಾತ್ರ ಯಾರೂ ನೋಡಿರಲಿಲ್ಲ. ಅವನ ಮದುವೆ ಹುಬ್ಬಳ್ಳಿಯ ಕಲ್ಯಾಣ ಮಂಟಪದಲ್ಲಿ ಆಯಿತು, ನೌಕರಿ ಬೆಳಗಾವಿಯಲ್ಲಿ ಸಿಕ್ಕಿತು. ಊರು ದೂರ, ಘಟ್ಟ ಇಳಿಯಬೇಕು, ಮಳೆಗಾಲ ಮುಗಿಯಲಿ ಎಂದು ಒಂದಲ್ಲ ಒಂದು ನೆಪದಲ್ಲಿ ಆ ಮಾತು ಮುಂದೆ ಹೋಗುತ್ತಲೇ ಇತ್ತು. ಅದನ್ನು ಯಾರು ಮುಂದೆ ದೂಡುತ್ತಿದ್ದರು ಎಂದು ನಾವು ಯೋಚಿಸಿರಲೇ ಇಲ್ಲ.

2024ರ ಡಿಸೆಂಬರಿನಲ್ಲಿ ಹೊರಟದ್ದು ನಿಜವಾಗಿ ಗೋವಾಕ್ಕೆ. ಕಾರವಾರ ದಾರಿಯಲ್ಲಿ ಸಿಗುವ ಊರು, ಮಧ್ಯಾಹ್ನದ ಊಟಕ್ಕೆ ನಿಲ್ಲಿಸೋಣ ಎಂಬುದು ಹಾವೇರಿಯ ಲೆಕ್ಕ. ಈ ಮಾತು ಆ ಊರಿನವರಿಗೆ ಹೊಸದೇನಲ್ಲ. ನಮ್ಮ ಕಡೆಯ ಮುಕ್ಕಾಲು ಪಾಲು ಜನ ಕಾರವಾರವನ್ನು ನೋಡಿರುವುದು ಗೋವಾಕ್ಕೆ ಹೋಗುವ ವಾಹನದ ಕಿಟಕಿಯಿಂದ. ಆಗ ಕಾರವಾರ, ಕಾರಿಗೆ ಗಾಳಿ ಹಾಕಿಸುತ್ತಿದ್ದಾಗ, ಟೈರಿನ ಕಡೆ ನೋಡುತ್ತಲೇ, “ಎರಡು ದಿನ ಅಲ್ಲೇ ಇರೋಣ. ಆಯಿ ನಿಮ್ಮನ್ನು ನೋಡಬೇಕು ಎನ್ನುತ್ತಿದ್ದಾಳೆ” ಎಂದ. ಅವನು ತಾಯಿಯನ್ನು ಆಯಿ ಎನ್ನುತ್ತಾನೆ. ಹಾವೇರಿ ಬಾಯಿ ತೆರೆದವನು ಅಥಣಿಯ ಮುಖ ನೋಡಿ ಮುಚ್ಚಿದ. ಗೋವಾ ಅಲ್ಲಿಗೆ ಮುಗಿಯಿತು.

ಹುಬ್ಬಳ್ಳಿಯಿಂದ ಬೆಳಗಿನ ಐದೂವರೆಗೆ ಹೊರಟೆವು. ಕಲಘಟಗಿ ದಾಟುವವರೆಗೂ ಕತ್ತಲೆ, ಚಳಿ, ಅಥಣಿಯ ಆಕಳಿಕೆ. ಆಮೇಲೆ ಹೊಲಗಳು ಮುಗಿದು ಸಾಗುವಾನಿಯ ಕಾಡು ಶುರುವಾಗುತ್ತದೆ. ಕಪ್ಪು ಮಣ್ಣು ಯಾವಾಗ ಕೆಂಪಾಯಿತು ಎಂದು ಎಷ್ಟು ಸಲ ಕಣ್ಣಿಟ್ಟು ಕುಳಿತರೂ ನನಗೆ ಆ ಜಾಗ ಸಿಕ್ಕಿಲ್ಲ. ಯಲ್ಲಾಪುರದಲ್ಲಿ ಚಹಾ. ಅಲ್ಲಿಂದ ಮುಂದೆ ಅರಬೈಲ್ ಘಟ್ಟ. ಅದಿರಿನ ಭರಾಟೆಯ ವರ್ಷಗಳಲ್ಲಿ ಬಳ್ಳಾರಿಯ ಕಡೆಯಿಂದ ಬೇಲೇಕೇರಿ ಬಂದರಿಗೆ ಹೋಗುವ ಲಾರಿಗಳು ಈ ರಸ್ತೆಯಲ್ಲಿ ಸಾಲುಗಟ್ಟಿರುತ್ತಿದ್ದವು. ಬದಿಯ ಮರಗಳ ಎಲೆ ಎಲೆಯೂ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಈಗ ಎಲೆಗಳು ಹಸಿರಾಗಿವೆ. ಬೇಲೇಕೇರಿಯಲ್ಲಿ ಜಪ್ತಿಯಾಗಿದ್ದ ಅದಿರು 2010ರಲ್ಲಿ ಹಡಗು ಹತ್ತಿ ಮಾಯವಾದ ಕಥೆ ಎಲ್ಲರಿಗೂ ಗೊತ್ತಿರುವುದೇ.

ಘಟ್ಟ ಇಳಿದ ಮೇಲೆ ಗಂಗಾವಳಿ ನದಿ ಸ್ವಲ್ಪ ದೂರ ಜೊತೆಗೆ ಬರುತ್ತದೆ. ಕಿಟಕಿ ಇಳಿಸಿದರೆ ಗಾಳಿಯೇ ಬೇರೆ: ದಪ್ಪ, ಒದ್ದೆ, ಸ್ವಲ್ಪ ಉಪ್ಪು. ಸ್ವೆಟರುಗಳು ಒಂದೊಂದಾಗಿ ಹಿಂದಿನ ಸೀಟಿಗೆ ಹಾರಿದವು. ಅಂಕೋಲೆಯಲ್ಲಿ ಬಲಕ್ಕೆ ಹೊರಳಿದರೆ 66ನೇ ರಾಷ್ಟ್ರೀಯ ಹೆದ್ದಾರಿ. ಎಡಕ್ಕೆ ಹೊರಳಿದರೆ ಶಿರೂರು. 2024ರ ಜುಲೈ 16ರಂದು ಗುಡ್ಡ ಕುಸಿದು, ರಸ್ತೆ ಬದಿಯ ಚಹಾ ಅಂಗಡಿಯ ಇಡೀ ಕುಟುಂಬ ಹೋಯಿತು. ಕೇರಳದ ಲಾರಿಯೊಂದು ಚಾಲಕನ ಸಮೇತ ಇದೇ ಗಂಗಾವಳಿಯ ತಳ ಸೇರಿ, ಎರಡು ತಿಂಗಳು ಕಳೆದ ಮೇಲೆ ಸೆಪ್ಟೆಂಬರ್ 25ಕ್ಕೆ ಸಿಕ್ಕಿತು. ಆ ದಿಕ್ಕಿಗೆ ಹೋಗುವುದಿರಲಿಲ್ಲವಾದರೂ ನಾಲ್ವರೂ ಒಮ್ಮೆ ಎಡಕ್ಕೆ ಕತ್ತು ತಿರುಗಿಸಿದ್ದು ನನಗೆ ನೆನಪಿದೆ.

ಅಂಕೋಲೆಯಿಂದ ಕಾರವಾರಕ್ಕೆ ಮೂವತ್ತೈದು ಕಿಲೋಮೀಟರಿನ ಆಸುಪಾಸು. ಅಮದಳ್ಳಿ ದಾಟಿದ ಮೇಲೆ ರಸ್ತೆಯ ಎಡಗಡೆ ಗೋಡೆ ಶುರುವಾಗುತ್ತದೆ. ಎತ್ತರದ ಗೋಡೆ, ಮೇಲೆ ಮುಳ್ಳುತಂತಿ, ಅಲ್ಲಲ್ಲಿ ಛಾಯಾಗ್ರಹಣ ನಿಷೇಧಿಸಲಾಗಿದೆ ಎಂಬ ಫಲಕ. ಒಂದು ನಿಮಿಷ, ಎರಡು ನಿಮಿಷ, ಗೋಡೆ ಮುಗಿಯುವುದಿಲ್ಲ. ಸಮುದ್ರ ಅದರ ಆಚೆಗಿದೆ ಎಂದು ಆಕಾಶದ ಬಿಳುಪಿನಿಂದ ತಿಳಿಯುತ್ತದೆ, ಕಾಣುವುದಿಲ್ಲ.

“ಏನೋ ಇದು, ಇಷ್ಟುದ್ದದ ಗೋಡೆ?” ಎಂದು ಕೇಳಿದ್ದು ಹಾವೇರಿ.

“ನೌಕಾನೆಲೆ” ಎಂದ ಕಾರವಾರ. ಅಷ್ಟು ಹೇಳಿ ಹಾಡಿನ ಸದ್ದು ಸ್ವಲ್ಪ ಏರಿಸಿದ.

ಹಾವೇರಿ ಮೊಬೈಲ್ ನೋಡಿ ಓದತೊಡಗಿದ. ಸೀಬರ್ಡ್ ಯೋಜನೆ, 1986ರಲ್ಲಿ ರಾಜೀವ್ ಗಾಂಧಿಯವರು ಅಡಿಗಲ್ಲು ಇಟ್ಟದ್ದು, 2005ರ ಮೇ 31ಕ್ಕೆ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ನೆಲೆ ಕಾರ್ಯಾರಂಭ ಮಾಡಿದ್ದು, ವಿಮಾನವಾಹಕ ವಿಕ್ರಮಾದಿತ್ಯ ನಿಲ್ಲುವುದು ಇಲ್ಲಿಯೇ. “ನಮ್ಮ ಬನವಾಸಿಯ ಕದಂಬರ ಹೆಸರು ನೋಡು” ಎಂದು ಹಿಗ್ಗಿದ. ಬನವಾಸಿ ಈಗ ಉತ್ತರ ಕನ್ನಡ ಜಿಲ್ಲೆಯಲ್ಲಿದೆ, ನಿಮ್ಮದು ಹೇಗಾಯಿತು ಎಂದು ಅಥಣಿ ಜಗಳ ತೆಗೆದ. ಈ ಗದ್ದಲದಲ್ಲಿ ಗೋಡೆ ಯಾವಾಗ ಮುಗಿಯಿತೋ ತಿಳಿಯಲಿಲ್ಲ. ಬಿಣಗಾ ಬಂತು, ಸುರಂಗ ಬಂತು.

ಸುರಂಗದ ವಿಷಯ ಹೇಳಲೇಬೇಕು. ಹೆದ್ದಾರಿ ಅಗಲವಾದಾಗ ಗುಡ್ಡ ಕೊರೆದು ಮಾಡಿದ್ದು. ಒಳಗೆ ಹಳದಿ ದೀಪ, ಟೈರಿನ ಮೊರೆತ. ಹೊರಗೆ ಬಂದದ್ದೇ ತಡ, ಎಡಗಡೆ ಇಡೀ ಅರಬ್ಬಿ ಸಮುದ್ರ ಬಿಸಿಲು ಹೊತ್ತು ನಿಂತಿತ್ತು. ಅಥಣಿ ಕೈ ಅಡ್ಡ ಹಿಡಿದು ವೇಗ ಕಡಿಮೆ ಮಾಡಿದ. ನಾನು ಗದಗಿನವನು, ಬಿಸಿಲಿನ ಬಗ್ಗೆ ನನಗೆ ಯಾರೂ ಪಾಠ ಹೇಳಬೇಕಿಲ್ಲ ಎಂದುಕೊಂಡಿದ್ದೆ. ನಮ್ಮಲ್ಲಿ ಬಿಸಿಲು ಮೇಲಿನಿಂದ ಮಾತ್ರ ಬೀಳುತ್ತದೆ, ನೆಲ ಅದನ್ನು ನುಂಗುತ್ತದೆ. ಇಲ್ಲಿ ಅದು ನೀರಿನಿಂದ ಪುಟಿದು ಕೆಳಗಿನಿಂದಲೂ ಬರುತ್ತದೆ. ಗದ್ದದ ಕೆಳಭಾಗ ಕಪ್ಪಾಗಿದ್ದು ನನಗೆ ಊರಿಗೆ ಬಂದ ಮೇಲೆ ಗೊತ್ತಾಯಿತು. ನಮ್ಮ ಬೆವರು ಹುಟ್ಟಿದಲ್ಲೇ ಆರಿ ಅಂಗಿಯ ಮೇಲೆ ಬಿಳಿ ಗೆರೆಯಾಗುತ್ತದೆ, ಇಲ್ಲಿಯ ಬೆವರು ಆರುವುದೇ ಇಲ್ಲ. ಗದಗಿನಲ್ಲಿ ಬೀಳುವ ಮಳೆಯ ಐದು ಪಟ್ಟು ಮಳೆ ಇಲ್ಲಿ ಬೀಳುತ್ತದೆ. ಹಾಗೆ ತೊಳೆದು ತೊಳೆದು ಇಟ್ಟ ಆಕಾಶದಿಂದ ಡಿಸೆಂಬರಿನಲ್ಲಿ ಬೀಳುವ ಬಿಸಿಲಿಗೆ ಧೂಳಿನ ಹಂಗಿಲ್ಲ.

ಕೋಣೆ ಹಿಡಿದು, ಮುಖ ತೊಳೆದು, ಊಟಕ್ಕೆ ಖಾನಾವಳಿಯೊಂದಕ್ಕೆ ಹೋದೆವು. ಕಿಟಕಿಯಿಂದ ಸಮುದ್ರ ಕಾಣುವ ಮೇಜು ಸಿಕ್ಕಿತು. ಕಾರವಾರ ಸಮುದ್ರಕ್ಕೆ ಬೆನ್ನು ಕೊಟ್ಟು ಕುಳಿತ. ನೀವು ನೋಡಿ, ನಾನು ನೋಡಿದ್ದೇ ತಾನೆ ಎಂದ. ಅತಿಥಿಗಳಿಗೆ ಒಳ್ಳೆಯ ಜಾಗ ಬಿಟ್ಟುಕೊಡುವುದು ಸಹಜವೇ. ಆದರೆ ಸಂಜೆ ಚಹಾ ಕುಡಿಯುವಾಗಲೂ, ಮರುದಿನ ಕಡಲತೀರದ ಕಟ್ಟೆಯ ಮೇಲೆ ಕುಳಿತಾಗಲೂ ಅವನ ಬೆನ್ನು ಅತ್ತಲೇ ಇತ್ತು.

ಊಟದಲ್ಲಿ ಕುಚಲಕ್ಕಿ ಅನ್ನ, ಬಂಗಡೆಯ ಸಾರು, ರವೆಯಲ್ಲಿ ಹೊರಳಿಸಿ ಹುರಿದ ನೊಗಲಿ, ಕೊನೆಗೆ ಸೋಲ್ ಕಡಿ. ಅಥಣಿ ಹುಟ್ಟಾ ಸಸ್ಯಾಹಾರಿ. ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ತಂದಿದ್ದ. ಅದನ್ನು ಮೇಜಿನ ಮೇಲೆ ಬಿಚ್ಚಲು ಸಂಕೋಚ. ಬಡಿಸುವವರೇ ಒಂದು ತಟ್ಟೆ ತಂದಿಟ್ಟು, ಇದರಲ್ಲಿ ಹಾಕಿಕೊಳ್ಳಿ ಅಣ್ಣಾ ಎಂದರು. ಗುಲಾಬಿ ಬಣ್ಣದ ಸೋಲ್ ಕಡಿಯನ್ನು ಅವನು ಅನುಮಾನದಿಂದ ಮೂಸಿ, ತೆಂಗಿನ ಹಾಲು ಮತ್ತು ಮುರುಗಲು ಮಾತ್ರ ಎಂದು ಎರಡು ಸಲ ಖಚಿತಪಡಿಸಿಕೊಂಡು, ಆಮೇಲೆ ನಾಲ್ಕು ಲೋಟ ಕುಡಿದ.

ಸಂಜೆ ಕಡಲತೀರ. ಅದಕ್ಕೆ ರವೀಂದ್ರನಾಥ ಟಾಗೋರರ ಹೆಸರಿದೆ. ಯಾವುದೋ ಶತಮಾನೋತ್ಸವಕ್ಕೆ ಇಟ್ಟ ಹೆಸರಲ್ಲ ಇದು. ಐಸಿಎಸ್ ಪಾಸಾದ ಮೊದಲ ಭಾರತೀಯ ಸತ್ಯೇಂದ್ರನಾಥ ಟಾಗೋರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1862ರಿಂದ ಈ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತಲ್ಲ, ಹಾಗಾಗಿ ಆ ಪ್ರಾಂತ್ಯದ ಅಧಿಕಾರಿಗಳು ಇಲ್ಲಿಗೆ ಬರುತ್ತಿದ್ದರು. ಅಣ್ಣನ ಮನೆಗೆಂದು 1883ರಲ್ಲಿ ಬಂದ ರವೀಂದ್ರರಿಗೆ ಆಗ ಇಪ್ಪತ್ತೆರಡು ವರ್ಷ, ಇನ್ನೂ ಮದುವೆಯಾಗಿರಲಿಲ್ಲ. ಇಲ್ಲಿದ್ದಾಗ ಒಂದು ನಾಟಕ ಬರೆದರು. ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿ ನದಿಯ ಮೇಲಕ್ಕೆ ಹೋಗಿ, ಇಳಿತದ ನೀರಿನಲ್ಲಿ ತೇಲಿಕೊಂಡು ಬಂದು, ನದಿಯ ಬಾಯಿಯಿಂದ ಮರಳ ಮೇಲೆ ನಡೆದು ಮನೆ ಸೇರಿದ್ದನ್ನು ಮುಂದೆ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಅವರು ನಡೆದ ಮರಳಿನ ಪಕ್ಕದಲ್ಲೇ ಈಗ ಹೆದ್ದಾರಿಯ ಮೇಲ್ಸೇತುವೆ. ಅದರ ಕೆಳಗೆ ಗಾಡಿಯವರು ಗೋಬಿ ಮಂಚೂರಿ ಮಾಡುತ್ತಾರೆ. ನನಗೇನೂ ಬೇಸರವಾಗಲಿಲ್ಲ, ಗೋಬಿ ಚೆನ್ನಾಗಿಯೇ ಇತ್ತು.

ತೀರದಲ್ಲೇ ಚಪಲ್ ಎಂಬ ಯುದ್ಧನೌಕೆಯನ್ನು ದಡಕ್ಕೆ ಹತ್ತಿಸಿ ಸಂಗ್ರಹಾಲಯ ಮಾಡಿದ್ದಾರೆ. ಸೋವಿಯತ್ ಕಾಲದ ಕ್ಷಿಪಣಿ ದೋಣಿ. ಒಳಗೆ ಬಗ್ಗಿಕೊಂಡು ಹೋಗಬೇಕು. ಹಾವೇರಿ ಮೂರು ಕಡೆ ತಲೆ ಬಡಿಸಿಕೊಂಡ. ಪಕ್ಕದಲ್ಲಿ ಟುಪೊಲೆವ್ ವಿಮಾನ. ತಮಿಳುನಾಡಿನ ಅರಕ್ಕೋಣಂ ನೆಲೆಯಿಂದ ಸಮುದ್ರದ ಮೇಲೆ ಕಾವಲು ಹಾರುತ್ತಿದ್ದು, 2017ರಲ್ಲಿ ನಿವೃತ್ತಿಯಾದ ಜಾತಿಯದು. ಹಾವೇರಿ ಒಂದನ್ನೂ ಬಿಡದೆ ನೋಡಿದ, ಅಥಣಿ ಫೋಟೋ ತೆಗೆದ. ಕಾರವಾರ ಹೊರಗೆ ನಿಂತು ಕಡಲೆಕಾಯಿ ತಿನ್ನುತ್ತಿದ್ದ. ಆ ಹೊತ್ತಿಗೆ ಸೂರ್ಯ ಕೂರ್ಮಗಡದ ಪಕ್ಕಕ್ಕೆ ಇಳಿಯುತ್ತಿತ್ತು. ದ್ವೀಪಗಳು ಮೊದಲು ನೀಲಿಯಾಗಿ, ಆಮೇಲೆ ಕಾಗದ ಕತ್ತರಿಸಿ ಅಂಟಿಸಿದಷ್ಟು ಕಪ್ಪಾಗಿ, ಕೊನೆಗೆ ದೇವಗಡದ ದೀಪಸ್ತಂಭ ಒಂದೇ ಮಿನುಗತೊಡಗಿತು. ಮೂವರೂ ಬಾಯಿ ಮುಚ್ಚಿ ನೋಡುತ್ತ ನಿಂತಿದ್ದೆವು. ನಾಲ್ಕನೆಯವನು ನಮ್ಮನ್ನು ನೋಡುತ್ತಿದ್ದ.

ಮರುದಿನ ಬೆಳಿಗ್ಗೆ ಏಳಕ್ಕೆ ಮತ್ತೆ ತೀರಕ್ಕೆ ಹೋದಾಗ ಏಂಡಿ ಬಲೆ ಎಳೆಯುತ್ತಿದ್ದರು. ರಂಪಣಿ ಎಂಬ ದೊಡ್ಡ ಎಳೆಬಲೆಯ ಚಿಕ್ಕ ತಂಗಿ ಅನ್ನಬಹುದು. ದೋಣಿಯಲ್ಲಿ ಹೋಗಿ ಸಮುದ್ರದಲ್ಲಿ ಅರ್ಧಚಂದ್ರಾಕಾರವಾಗಿ ಬಲೆ ಬಿಟ್ಟು, ಅದರ ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ಎರಡು ಸಾಲು ಜನ ಎಳೆಯುತ್ತಾರೆ. ನಡುವಿನ ಅಂತರ ಮೊದಲು ಒಂದು ಕೂಗಳತೆ, ಎಳೆಯುತ್ತ ಎಳೆಯುತ್ತ ಎರಡೂ ಸಾಲುಗಳು ಹತ್ತಿರವಾಗುತ್ತವೆ. ಎಳೆಯುವುದೆಂದರೆ ತೋಳಿನಿಂದಲ್ಲ. ಹಗ್ಗವನ್ನು ಸೊಂಟಕ್ಕೆ ಆನಿಸಿ, ಹಿಮ್ಮಡಿಯನ್ನು ಮರಳಿನಲ್ಲಿ ಹೂತು, ಹಿಂದಕ್ಕೆ ವಾಲಿ, ಒಂದೊಂದೇ ಹೆಜ್ಜೆ. ಹಿಂದಿನವನು ದಡದ ಮೇಲೆ ತಲುಪಿದ ಕೂಡಲೇ ಹಗ್ಗ ಬಿಟ್ಟು ಓಡಿ ಬಂದು ನೀರಿನ ಅಂಚಿನಲ್ಲಿ ಮುಂದಿನವನಾಗುತ್ತಾನೆ. ಹೀಗಾಗಿ ಸಾಲು ನಿಲ್ಲುವುದೂ ಇಲ್ಲ, ಮುಗಿಯುವುದೂ ಇಲ್ಲ.

ನಾವು ನೋಡುತ್ತ ನಿಂತಿದ್ದನ್ನು ಕಂಡು ಒಬ್ಬ ಮುದುಕರು, ಬರುತ್ತೀರಾ ಎಂದು ಗದ್ದದಿಂದಲೇ ಕರೆದರು. ನಾವು ಸಹಜವಾಗಿ ಕಾರವಾರನನ್ನು ಮುಂದೆ ನೂಕಿದೆವು. ಅವನು ನಾಲ್ಕು ಹೆಜ್ಜೆ ಎಳೆದು, ಅಂಗೈ ನೋಡಿಕೊಂಡು ಹೊರಗೆ ಬಂದ. ಅವನಿಗೆ ಹಗ್ಗ ಹಿಡಿಯುವುದೇ ಬರುವುದಿಲ್ಲ! ಅಥಣಿ ಮಾತ್ರ ಪ್ಯಾಂಟು ಮಡಚಿ ಸಾಲಿಗೆ ಸೇರಿದವನು ಬಲೆ ಬರುವವರೆಗೂ ಬಿಡಲಿಲ್ಲ. ಕಬ್ಬಿನ ಗದ್ದೆಯಲ್ಲಿ ಹೂತ ಟ್ರ್ಯಾಕ್ಟರ್ ಎಳೆದ ಮೈ ಅದು. ಮೀನು ಮುಟ್ಟದ ಮನುಷ್ಯ ಬಲೆ ಎಳೆಯುತ್ತಿದ್ದಾನೆ, ಸಮುದ್ರದ ಮಗ ಎಂದು ನಾವು ನಂಬಿದ್ದವನು ನಮ್ಮ ಚಪ್ಪಲಿಗಳನ್ನು ಹಿಡಿದುಕೊಂಡು ನಿಂತಿದ್ದಾನೆ.

“ನಿನಗೆ ಈಜು ಬರುತ್ತದೆಯೋ ಇಲ್ಲವೋ?” ಎಂದೆ.

“ಇಲ್ಲ.”

“ಕಾರವಾರದವನಾಗಿ!”

“ಕಾರವಾರದವರೆಲ್ಲ ಮೀನುಗಾರರೇನೋ? ನಾವು ಗದ್ದೆಯವರು. ಭತ್ತ ಬೆಳೆಯುತ್ತಿದ್ದೆವು. ಮೀನನ್ನು ಎಲ್ಲರ ಹಾಗೆ ಕೊಂಡೇ ತಿನ್ನುತ್ತಿದ್ದದ್ದು” ಎಂದ. ಇಪ್ಪತ್ತೇಳು ವರ್ಷ ಹಾಸ್ಟೆಲಿನ ಪ್ರತಿ ಜಗಳದಲ್ಲೂ ನಾವು ಅವನನ್ನು ‘ಮೀನುಗಾರ’ ಎಂದು ರೇಗಿಸಿದ್ದೇವೆ. ಒಮ್ಮೆಯಾದರೂ ತಿದ್ದಬಾರದಿತ್ತೇ ಎಂದರೆ, “ನೀವೇನು ಕೇಳಿರಲಿಲ್ಲವಲ್ಲ” ಎಂದ. ಕೋಪದಿಂದ ಹೇಳಿದ್ದಲ್ಲ. ಚಪ್ಪಲಿಗೆ ಅಂಟಿದ ಮರಳು ಕೊಡವುತ್ತ ಹೇಳಿದ.

ಬಲೆ ಬಂತು. ಜೇಬಿನಂತಿರುವ ಅದರ ನಡುಭಾಗದಲ್ಲಿ ತಾರಲೆಗಳು, ಕೆಲವು ಬಂಗಡೆ, ಗೇಣುದ್ದದ ಏಡಿ ಒಂದು, ಉಳಿದದ್ದೆಲ್ಲ ಲೋಳೆ ಮೀನು. ಬೆಳ್ಳಿ ಬಣ್ಣದ ರಾಶಿ ಒಂದು ಕ್ಷಣ ಕುದಿಯುವ ಎಸರಿನಂತೆ ಸದ್ದು ಮಾಡಿ ತಣ್ಣಗಾಯಿತು. ಇಷ್ಟು ಜನರ ಒಂದೂವರೆ ಗಂಟೆಯ ಕೆಲಸಕ್ಕೆ ಎರಡು ಬುಟ್ಟಿ. ಮುದುಕರು ಅಥಣಿಗೆ ಅವನ ಪಾಲೆಂದು ನಾಲ್ಕು ಬಂಗಡೆ ಎತ್ತಿ ಕೊಟ್ಟರು. ಎಳೆದವನಿಗೆ ಪಾಲು ಕೊಡದೆ ಕಳಿಸುವ ಹಾಗಿಲ್ಲವಂತೆ. ಅಥಣಿ ಎರಡು ಬೆರಳಿನಲ್ಲಿ ಬಾಲ ಹಿಡಿದು, ಇಡೀ ಲೋಕದ ಲಿಂಗಾಯತ ಮಠಗಳೆಲ್ಲ ತನ್ನನ್ನೇ ನೋಡುತ್ತಿವೆಯೇನೋ ಎಂಬಂತೆ ನಿಂತಿದ್ದ.

ಆ ಮೀನುಗಳನ್ನು ತೆಗೆದುಕೊಂಡೇ ಅವನ ಮನೆಗೆ ಹೋದೆವು. ಹೋಗುವ ಮೊದಲು ಊರಿನ ಇನ್ನೊಂದು ತುದಿಗೆ ಹೋಗಿ ಕಾಳಿ ಸೇತುವೆ ನೋಡಿ ಬಂದದ್ದೂ ಉಂಟು. ಎಂಬತ್ತರ ದಶಕದಿಂದ ಕಾರವಾರವನ್ನೂ ಸದಾಶಿವಗಡವನ್ನೂ ಜೋಡಿಸಿದ್ದ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಒಂದು ಲಾರಿಯನ್ನು ಹೊತ್ತುಕೊಂಡು ನದಿಗೆ ಬಿತ್ತು. ಚಾಲಕನನ್ನು ಪೊಲೀಸರು ಮತ್ತು ಮೀನುಗಾರರು ಸೇರಿ ಉಳಿಸಿದರು. ಪಕ್ಕದ ಹೊಸ ಸೇತುವೆಯ ಮೇಲೆ ಗೋವಾದ ವಾಹನಗಳು ಎಂದಿನಂತೆ ಓಡುತ್ತಿದ್ದವು. ಕಾಳಿ ಇಲ್ಲಿ ನದಿಯೋ ಸಮುದ್ರವೋ ಹೇಳುವುದು ಕಷ್ಟ. ಮೇಲೆ ಸೂಪಾ, ಕೊಡಸಳ್ಳಿ, ಕದ್ರಾ ಎಂದು ಅಣೆಕಟ್ಟೆಯ ಮೇಲೆ ಅಣೆಕಟ್ಟೆ ಹತ್ತಿಳಿದು, ವಿದ್ಯುತ್ತೆಲ್ಲ ಕೊಟ್ಟು ಬಂದವಳು, ಇಲ್ಲಿ ಯಾರ ಗೊಡವೆಯೂ ಇಲ್ಲದೆ ಅಗಲವಾಗಿ ಮಲಗಿದ್ದಳು.

ಮನೆ ಇದ್ದದ್ದು ನಗರದಿಂದ ಹೊರಗೆ, ನಾವು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ ಒಳಗೆ ಹೊರಳಿದ ಒಂದು ಕಾಲೊನಿಯಲ್ಲಿ. ಆಟೋ ನಿಲ್ದಾಣದಲ್ಲಿ ದಾರಿ ಕೇಳಿದ ಹಾವೇರಿಗೆ ಅಲ್ಲಿದ್ದವರು, “ನಿರಾಶ್ರಿತರ ಕಾಲೊನಿಯೇ?” ಎಂದು ಮರುಪ್ರಶ್ನೆ ಹಾಕಿದರು. ನಾವು ಮೂವರೂ ಕಾರವಾರನ ಮುಖ ನೋಡಿದೆವು. ಅವನು, “ಹೌದು, ಅದೇ” ಎಂದ.

ಹಾಗೆ ನಮಗೆ ಗೊತ್ತಾಯಿತು. ಅವನು ಕಾರವಾರ ನಗರದವನೇ ಅಲ್ಲ. ಅವನ ಹಳ್ಳಿ ಆ ಗೋಡೆಯ ಒಳಗಿತ್ತು. ಹಾಸ್ಟೆಲಿನ ಮೊದಲ ದಿನ ಯಾವ ಊರು ಎಂದು ಯಾರೋ ಕೇಳಿದಾಗ, ಹಳ್ಳಿಯ ಹೆಸರು ಹೇಳಿದರೆ ಯಾರಿಗೂ ತಿಳಿಯದು ಎಂದು ಹತ್ತಿರದ ದೊಡ್ಡ ಊರನ್ನು ಹೇಳಿದ್ದ. ನಾವೆಲ್ಲ ಹಾಗೇ ಮಾಡುತ್ತೇವೆ; ನನ್ನದೂ ಗದಗಿನಿಂದ ಹನ್ನೆರಡು ಕಿಲೋಮೀಟರ್ ಆಚೆಯ ಹಳ್ಳಿ. ನನ್ನ ಹಳ್ಳಿ ಅಲ್ಲೇ ಇದೆ, ಅಷ್ಟೇ ವ್ಯತ್ಯಾಸ. ಯೋಜನೆಗಾಗಿ ಕಾರವಾರ, ಅಂಕೋಲಾ ತಾಲ್ಲೂಕುಗಳ ಸಾವಿರಾರು ಕುಟುಂಬಗಳು ಕರಾವಳಿಯ ಹಳ್ಳಿಗಳಿಂದ ಎದ್ದವು. ತೋಡೂರು, ಮುದಗಾ ಎಂದು ಅಲ್ಲಲ್ಲಿ ಕಾಲೊನಿಗಳಾದವು. ಹೆಚ್ಚುವರಿ ಪರಿಹಾರದ ಮೊಕದ್ದಮೆಗಳು ವರ್ಷಗಟ್ಟಲೆ ನಡೆದವು. ಇದೆಲ್ಲ ಪತ್ರಿಕೆಯಲ್ಲಿ ಬಂದದ್ದೇ. ಹುಬ್ಬಳ್ಳಿ ಆವೃತ್ತಿಯಲ್ಲಿ ‘ಸೀಬರ್ಡ್ ನಿರಾಶ್ರಿತರು’ ಎಂಬ ಶೀರ್ಷಿಕೆಯನ್ನು ನಾನೇ ಎಷ್ಟೋ ಸಲ ಓದಿ ಪುಟ ತಿರುಗಿಸಿದ್ದೇನೆ.

ಒಂದು ವಿಷಯ ಆಗ ನೆನಪಾಯಿತು. ಕೊನೆಯ ವರ್ಷ, ಪರೀಕ್ಷೆಗೆ ತಿಂಗಳಿರುವಾಗ ಅವನು ಹನ್ನೆರಡು ದಿನ ಊರಿಗೆ ಹೋಗಿದ್ದ. ಮನೆ ಸಾಗಿಸಬೇಕು ಎಂದಿದ್ದ. ಬಾಡಿಗೆ ಮನೆ ಬದಲಿಸುತ್ತಿದ್ದಾರೆ ಎಂದು ನಾವು ತಿಳಿದೆವು. ಮರಳಿ ಬಂದಾಗ ಅವನ ತೋಳಿನ ಮೇಲೆ ಹೆಂಚು ಹೊತ್ತು ಆದ ಗೀರುಗಳಿದ್ದವು. ಅಥಣಿ ಅದಕ್ಕೆ ಅರಿಸಿನ ಹಚ್ಚಿದ್ದ. ಏನಾಯಿತು ಎಂದು ಕೇಳಿದ್ದೆವೋ ಇಲ್ಲವೋ, ಕೇಳಿದ್ದರೆ ಅವನು ಏನು ಹೇಳಿದ್ದನೋ, ಮೂವರಲ್ಲಿ ಯಾರಿಗೂ ನೆನಪಿಲ್ಲ. ಆ ವಾರ ಮೆಸ್ಸಿನಲ್ಲಿ ಹೋಳಿಗೆ ಮಾಡಿದ್ದು ಮಾತ್ರ ಮೂವರಿಗೂ ನೆನಪಿದೆ.

ಆಯಿಗೆ ಎಂಬತ್ತರ ಹತ್ತಿರ. ಗೇಟಿನಲ್ಲೇ ನಿಂತಿದ್ದರು. ಕನ್ನಡ ತಿಳಿಯುತ್ತದೆ, ಮಾತು ಕೊಂಕಣಿ. ನಮ್ಮ ಒಬ್ಬೊಬ್ಬರ ಮುಖ ನೋಡಿ, “ಗದಗ? ಅಥಣಿ? ಹಾವೇರಿ?” ಎಂದು ಸರಿಯಾಗಿಯೇ ಗುರುತಿಸಿದರು. ಮಗ ಮನೆಯಲ್ಲಿ ನಮ್ಮನ್ನು ಹಾಗೆಯೇ ಕರೆಯುತ್ತಿದ್ದನಂತೆ. ಧಾರವಾಡದ ಫೇಡೆಯ ಡಬ್ಬಿ ಕೊಟ್ಟೆವು. ಅಥಣಿ ತನ್ನ ಪಾಲಿನ ಬಂಗಡೆ ಕೊಟ್ಟು ಕೈ ತೊಳೆದುಕೊಳ್ಳಲು ಓಡಿದ.

ಮನೆ ಕಾಲೊನಿಯ ಉಳಿದ ಮನೆಗಳಂಥದ್ದೇ. ಸಿಮೆಂಟಿನ ಗೋಡೆ, ಹಸಿರು ಬಣ್ಣ, ಮೇಲೆ ನೀರಿನ ಟಾಕಿ. ಬಾಗಿಲು ಮಾತ್ರ ಆ ಮನೆಯದ್ದಲ್ಲ. ಹಲಸಿನ ಮರದ ಎರಡು ಹಲಗೆಯ ಬಾಗಿಲು, ಕೈ ಆಡಿ ಆಡಿ ಜೇನಿನ ಬಣ್ಣಕ್ಕೆ ತಿರುಗಿದ್ದು. ಸುತ್ತ ಹಿತ್ತಾಳೆಯ ಮೊಳೆಗಳು, ಕೆಲವು ಬಿದ್ದು ಹೋದ ಜಾಗದಲ್ಲಿ ಕಪ್ಪು ಗುಳಿ. ಹೆಂಚು, ಜಂತಿ ಎಲ್ಲವನ್ನೂ ಬಿಚ್ಚಿ ತಂದಿದ್ದರೂ ಉಪಯೋಗಕ್ಕೆ ಬಂದದ್ದು ಇದೊಂದೇ. ಹೊಸ ಮನೆಯ ಚೌಕಟ್ಟು ಗಿಡ್ಡ. ಬಾಗಿಲನ್ನು ಕೆಳಗೆ ನಾಲ್ಕು ಬೆರಳು ಕೊಯ್ಯಬೇಕಾಯಿತಂತೆ. ಕೊಯ್ದ ತುಂಡು ಎಲ್ಲಿ ಎಂದು ನಾನು ಕೇಳಲಿಲ್ಲ. ಆಯಿಯೇ ಒಳಗೆ ಕರೆದು ತೋರಿಸಿದರು. ಅಡುಗೆಮನೆಯ ಕಪಾಟಿನ ಒಂದು ಕಾಲು ಗಿಡ್ಡ, ಅದರ ಕೆಳಗೆ ಆಸರೆಯಾಗಿ ಕೂತಿತ್ತು.

ಬಾಗಿಲ ಹಿಂದಿನ ಮೂಲೆಯಲ್ಲಿ ನನ್ನೆತ್ತರದ ಒಂದು ಮರದ ದಂಡಿಗೆ ನಿಲ್ಲಿಸಿದ್ದರು. ಅಗಳಿ. ಹಳೆಯ ಮನೆಯ ಗೋಡೆ ಎರಡು ಮೊಳ ದಪ್ಪ, ಮಣ್ಣಿನದು; ಹಗಲೆಲ್ಲ ಅಗಳಿ ಗೋಡೆಯೊಳಗಿನ ತೂತಿನಲ್ಲಿ ಅಡಗಿರುತ್ತಿತ್ತು, ರಾತ್ರಿ ಎಳೆದರೆ ಬಾಗಿಲಿಗೆ ಅಡ್ಡ ಬರುತ್ತಿತ್ತು. ಸಿಮೆಂಟಿನ ಗೋಡೆಗೆ ಅಷ್ಟು ಹೊಟ್ಟೆ ಇಲ್ಲ. ಬಾಗಿಲಿಗೆ ಕಬ್ಬಿಣದ ಚಿಲಕ ಹಾಕಿಸಿ, ಅಗಳಿಯನ್ನು ಮೂಲೆಯಲ್ಲಿ ಇಟ್ಟಿದ್ದಾರೆ. ಆಯಿ ಅದನ್ನು ಕೈಗೆತ್ತಿಕೊಂಡು ಎಳೆಯುವ ಅಭಿನಯ ಮಾಡಿ ತೋರಿಸಿದರು. ಗರ್ರ್ ಎಂದು ಬಾಯಲ್ಲಿ ಸದ್ದು ಮಾಡಿ ತಾವೇ ನಕ್ಕರು. ಆ ಸದ್ದು ಕೇಳಿದರೆ ಇಡೀ ಕೇರಿಗೆ ಇವರ ಮನೆಯಲ್ಲಿ ಊಟವಾಯಿತು ಎಂದು ಗೊತ್ತಾಗುತ್ತಿತ್ತಂತೆ.

ಊಟಕ್ಕೆ ಕುಳಿತಾಗ ಹಾವೇರಿ, ಸದಾ ಏನಾದರೊಂದು ಕೇಳಿ ಸಿಕ್ಕಿಹಾಕಿಕೊಳ್ಳುವವನು, “ಆಯಿ, ಬೇಸರವಾಗುವುದಿಲ್ಲವೇ?” ಎಂದ. ಆಯಿ ಉದ್ದಕ್ಕೆ ಏನೋ ಹೇಳಿದರು. ಕಾರವಾರ ಅನುವಾದಿಸಿದ್ದು ಇಷ್ಟೇ: “ಇಲ್ಲಿ ಬಾವಿಯ ನೀರು ಸಿಹಿ ಇಲ್ಲವಂತೆ.” ಅಷ್ಟು ಉದ್ದದ ಮಾತಿಗೆ ಇಷ್ಟೇ ಅರ್ಥವೇ ಎಂದು ನಾವು ಕೇಳಲಿಲ್ಲ. ಅವನ ಅಣ್ಣನ ಮಗ ಈಗ ಆ ಗೋಡೆಯ ಒಳಗೇ ಗುತ್ತಿಗೆ ಕೆಲಸದಲ್ಲಿದ್ದಾನೆ, ದಿನಾ ಪಾಸು ತೋರಿಸಿ ಒಳಗೆ ಹೋಗಿ ಬರುತ್ತಾನೆ. ಅಜ್ಜಿಯ ಗದ್ದೆ ಎಲ್ಲಿತ್ತು ಎಂದು ಅವನಿಗೆ ಗೊತ್ತಿಲ್ಲ. ಅಜ್ಜಿಗೆ ಅಲ್ಲಿ ಈಗ ಏನಿದೆ ಎಂದು ಗೊತ್ತಿಲ್ಲ. ಕಾರವಾರ ಇದನ್ನು ತಮಾಷೆಯಾಗಿಯೇ ಹೇಳಿದ. ದೇಶಕ್ಕೆ ಬೇಕಿತ್ತು, ಹಡಗು ಗುಡ್ಡದ ಮೇಲೆ ನಿಲ್ಲುವುದಿಲ್ಲವಲ್ಲ ಎಂದ. ಈ ಮಾತನ್ನು ಅವನು ಬಹಳ ಸಲ ಹೇಳಿರಬೇಕು, ನುಣುಪಾಗಿತ್ತು.

ಸಂಜೆ ಹೊರಡುವಾಗ ಆಯಿ ಒಬ್ಬೊಬ್ಬರಿಗೂ ಒಂದೊಂದು ತೆಂಗಿನಕಾಯಿ ಕೊಟ್ಟರು. ಹಳ್ಳಿಯ ತೋಟದ ಕಾಯಿಯನ್ನು ಸಸಿ ಮಾಡಿ ತಂದು ನೆಟ್ಟ ಮರದ್ದು. ಮರಕ್ಕೆ ಈಗ ಇಪ್ಪತ್ತನಾಲ್ಕು ವರ್ಷ. ಕಾಯಿ ಚಿಕ್ಕದು, ಸಮುದ್ರದ ಗಾಳಿ ಇಲ್ಲದ್ದಕ್ಕೆ ಹೀಗೆ ಎಂದು ಅವರು ಕ್ಷಮೆ ಕೇಳುವಂತೆ ಹೇಳಿದರು. ಸಮುದ್ರ ಅಲ್ಲಿಂದ ಎಷ್ಟು ದೂರ ಎಂದು ನಾನು ಮೊಬೈಲಿನಲ್ಲಿ ನೋಡಿದೆ. ದೂರವೇನೂ ಇಲ್ಲ.

ಮೂರನೆಯ ದಿನ ಬೆಳಿಗ್ಗೆ ಮರಳಿದೆವು. ಗೋಡೆ ಈ ಸಲ ಬಲಗಡೆ. ಯಾರೂ ಮಾತಾಡಲಿಲ್ಲ, ಹಾಡೂ ಹಾಕಲಿಲ್ಲ. ಅಥಣಿ ವೇಗ ಇಳಿಸಿದ. ನಿಲ್ಲಿಸಲೇ ಎಂದು ಕನ್ನಡಿಯಲ್ಲಿ ಕೇಳಿದ. ಇಲ್ಲಿ ನಿಲ್ಲಿಸಬಾರದು, ನಡಿ ಎಂದ ಕಾರವಾರ. ಗೋಡೆಯ ಮೇಲಿನಿಂದ ಒಂದು ಗುಡ್ಡದ ನೆತ್ತಿ ಕಾಣುತ್ತಿತ್ತು. 1498ರಲ್ಲಿ ವಾಸ್ಕೋ ಡ ಗಾಮ ಬೀಡುಬಿಟ್ಟ ಅಂಜದೀವ ದ್ವೀಪ ಅದರ ಆಚೆ ಎಲ್ಲೋ ಇರಬೇಕು. ಕಾರವಾರದ ಮಗ್ಗುಲಲ್ಲಿದ್ದರೂ ಅದು ಲೆಕ್ಕಕ್ಕೆ ಗೋವಾದ್ದು. ನಾನು ಇದನ್ನು ಹೇಳಲು ಬಾಯಿ ತೆರೆದು, ಬೇಡವೆಂದು ಸುಮ್ಮನಾದೆ. ಕಾರವಾರ ಮೊದಲ ಸಲ ಕಿಟಕಿಯ ಕಡೆಗೆ ಪೂರ್ತಿ ತಿರುಗಿ ಕುಳಿತಿದ್ದ.

ಅಂಕೋಲೆಯ ತಿರುವಿನಲ್ಲಿ ಹಾವೇರಿ ಕೇಳಿದ: “ನಿನ್ನ ಹಳ್ಳಿಯ ಹೆಸರೇನೋ?”

ಅವನು ಹೇಳಿದ. ಎರಡೇ ಅಕ್ಷರ. ಇಲ್ಲಿ ಬರೆಯಬೇಡ ಎಂದಿದ್ದಾನೆ, ಬರೆಯುವುದಿಲ್ಲ. ನಾವು ಮೂವರೂ ಅದನ್ನು ಒಮ್ಮೊಮ್ಮೆ ಬಾಯಲ್ಲಿ ಆಡಿಸಿ ನೋಡಿದೆವು. ಚೆನ್ನಾಗಿತ್ತು, ಕರೆಯಲು ‘ಕಾರವಾರ’ಕ್ಕಿಂತ ಸಲೀಸು. ಇನ್ನು ಮೇಲೆ ಹೀಗೇ ಕರೆಯೋಣ ಎಂದು ಹಾವೇರಿ ನಿರ್ಣಯ ಮಂಡಿಸಿದ, ಅಥಣಿ ಅನುಮೋದಿಸಿದ.

ಘಟ್ಟ ಹತ್ತಿ ಯಲ್ಲಾಪುರದಲ್ಲಿ ಚಹಾಕ್ಕೆ ನಿಂತಾಗ ಅವನು ಅಂಗಡಿಯ ಆಚೆ ಬದಿಯಲ್ಲಿ ಬೆನ್ನು ಹಾಕಿ ನಿಂತಿದ್ದ. ಹಾವೇರಿ ಆ ಎರಡಕ್ಷರದ ಹೆಸರಿನಿಂದ ಜೋರಾಗಿ ಕರೆದ. ಅವನು ತಿರುಗಲಿಲ್ಲ. ಮತ್ತೊಮ್ಮೆ ಕರೆದ. ಪಕ್ಕದಲ್ಲಿದ್ದ ಲಾರಿಯ ಕ್ಲೀನರ್ ತಿರುಗಿ ನೋಡಿದ, ಅವನು ನೋಡಲಿಲ್ಲ. ಚಹಾ ಆರುತ್ತಿತ್ತು.

“ಲೇ ಕಾರವಾರ!” ಎಂದ ಅಥಣಿ.

“ಏನು?” ಎಂದು ತಿರುಗಿದ.